ಓದಿದ ಕೈಗೆ ಸ್ಪ್ಯಾನರ್ ಯಾಕೆ ಬೇಡ?

ಆಯುಧಪೂಜೆಯ ದಿನ ಕಾರಿಗೆ ಸಿಗುವ ಮರ್ಯಾದೆ ದೊಡ್ಡದು. ತೊಳೆದು ಒರೆಸಿ, ಬಾನೆಟ್ ಮೇಲೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಬೂದುಗುಂಬಳ ಒಡೆದು, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹಾಯಿಸುತ್ತೇವೆ. ನಿಂಬೆಹಣ್ಣು ಇಡಲು ಬಗ್ಗಿದಾಗ ಚಕ್ರದ ಹಿಂದೆ ಒಂದು ದಪ್ಪ ಸ್ಪ್ರಿಂಗು, ಜೊತೆಗೆ ಧೂಳು ಮೆತ್ತಿದ ಕಪ್ಪು ಕೊಳವೆ ಕಾಣುತ್ತದೆ. ಅದೇನು, ಅದರ ಕೆಲಸವೇನು, ಅದರಿಂದ ಎಣ್ಣೆ ಜಿನುಗುತ್ತಿದ್ದರೆ ಏನರ್ಥ ಎಂದು ಎಷ್ಟು ಮನೆಗಳಲ್ಲಿ ಯಾರಾದರೂ ಕೇಳಿದ್ದಾರೆ? ಆಯುಧಕ್ಕೆ ಪೂಜೆ ಮಾಡುವ ನಾವು, ಆಯುಧ ಹಿಡಿಯುವ ಕೆಲಸವನ್ನು ಮಾತ್ರ ಬೇರೆಯವರಿಗೆ ಬಿಟ್ಟುಬಿಟ್ಟಿದ್ದೇವೆ.

ಆ ಕಪ್ಪು ಕೊಳವೆಯ ಹೆಸರು ಶಾಕ್ ಅಬ್ಸಾರ್ಬರ್. ಗ್ಯಾರೇಜಿನವರ ಬಾಯಲ್ಲಿ 'ಶಾಕಪ್'. ಹಳೆಯದಾದ ಶಾಕಪ್ ತೆಗೆದು, ಅಂಗಡಿಯಿಂದ ಹೊಸದು ತಂದು, ಮನೆಯಂಗಳದಲ್ಲೇ ಕೂರಿಸುವ ಕೆಲಸವನ್ನು ಓದುತ್ತಿರುವ, ಓದು ಮುಗಿಸಿ ಕೆಲಸ ಹುಡುಕುತ್ತಿರುವ ನಾವು ಒಮ್ಮೆಯಾದರೂ ಮಾಡಬೇಕು ಎಂಬುದು ನನ್ನ ವಾದ. ಇದರಿಂದ ಒಂದಿಷ್ಟು ದುಡ್ಡು ಉಳಿಯುತ್ತದೆ, ನಿಜ. ಆದರೆ ದುಡ್ಡಿಗಿಂತ ದೊಡ್ಡ ಲಾಭ ಬೇರೆ ಇದೆ. ಹಾಗೆಯೇ, ಈ ಕೆಲಸದಲ್ಲಿ ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂಬ ಗೆರೆಯೂ ಇದೆ. ಆ ಗೆರೆ ಗೊತ್ತಿಲ್ಲದೆ ಕೈ ಹಾಕುವವರನ್ನು ನಾನು ಬೆಂಬಲಿಸುತ್ತಿಲ್ಲ.

ಪುಸ್ತಕದಲ್ಲಿ ಪೆಟ್ಟಿಗೆಯ ಚಿತ್ರ

ನಾನು ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ, ನಂತರ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವಳು. ಕಂಪನಗಳ ಪಾಠದಲ್ಲಿ ಬರುವ ತೂಕ, ಸ್ಪ್ರಿಂಗ್, ಡ್ಯಾಂಪರ್ ಲೆಕ್ಕವನ್ನು ಎಷ್ಟು ಸಲ ಬಿಡಿಸಿದ್ದೇನೋ ಲೆಕ್ಕವಿಲ್ಲ. ನಮ್ಮ ಪುಸ್ತಕದಲ್ಲಿ ಸ್ಪ್ರಿಂಗ್ ಎಂದರೆ ಒಂದು ಅಂಕುಡೊಂಕು ಗೆರೆ. ಡ್ಯಾಂಪರ್ ಎಂದರೆ ಒಂದು ಪುಟ್ಟ ಪೆಟ್ಟಿಗೆ, ಅದರೊಳಗೆ ಒಂದು ಅಡ್ಡಗೆರೆ. ಆ ಪೆಟ್ಟಿಗೆಯೇ ಶಾಕಪ್ ಎಂದು ನಮಗೆ ಗೊತ್ತಿತ್ತು. ಆದರೆ ಅದರ ತೂಕ ಎಷ್ಟು, ಕೈಯಿಂದ ಒತ್ತಿದರೆ ಹೇಗೆ ಎದುರಾಡುತ್ತದೆ, ಎಣ್ಣೆ ಖಾಲಿಯಾದಾಗ ಹೇಗೆ ಸಡಿಲವಾಗಿ ಜಾರುತ್ತದೆ ಎಂಬುದು ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಲ್ಯಾಬಿನಲ್ಲಿ ಕೆಂಪು, ಹಸಿರು ಬಣ್ಣ ಬಳಿದ, ಅರ್ಧಕ್ಕೆ ಕೊಯ್ದ ಮಾದರಿಗಳಿದ್ದವು. ಸುತ್ತ ನಿಂತು ನೋಡಿ, ಚಿತ್ರ ಬಿಡಿಸಿ, ಸಹಿ ಹಾಕಿಸಿಕೊಂಡರೆ ಆ ಪ್ರಯೋಗ ಮುಗಿಯಿತು. ಅಪರೂಪಕ್ಕೆ ಏನಾದರೂ ಬಿಚ್ಚುವ ದಿನ ಬಂದರೆ ಸ್ಪ್ಯಾನರ್ ಹುಡುಗರ ಕೈಗೆ, ಟಾರ್ಚು ಮತ್ತು ರೆಕಾರ್ಡ್ ಪುಸ್ತಕ ಹುಡುಗಿಯರ ಕೈಗೆ. 'ನಿನಗ್ಯಾಕಮ್ಮ ಗ್ರೀಸು, ನೀನು ರೀಡಿಂಗ್ ಬರ್ಕೋ' ಎನ್ನುವುದು ಪ್ರೀತಿಯ ಮಾತೇ. ಆದರೆ ಹಾಗೆ ಪ್ರೀತಿ ತೋರಿಸಿ ತೋರಿಸಿಯೇ ಅರ್ಧ ತರಗತಿಯನ್ನು ಕೆಲಸದಿಂದ ಹೊರಗಿಟ್ಟಿರುತ್ತಾರೆ. ಉಳಿದರ್ಧವೂ ಏನು ಕಲಿಯುತ್ತಿತ್ತು ಎಂಬುದು ಬೇರೆ ಮಾತು.

ಇದರ ಬೆಲೆ ಗೊತ್ತಾಗುವುದು ಸಂದರ್ಶನದಲ್ಲಿ. ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ನಮ್ಮ ಗುಂಪಿಗೆ ಕೇಳಿದ ಪ್ರಶ್ನೆ ಇಷ್ಟೇ: 'ಕಾರಿನ ಮುಂಭಾಗದ ಸ್ಟ್ರಟ್ ಬಿಚ್ಚುವಾಗ ಮೇಲಿನ ನಡು ನಟ್ಟನ್ನು ಮೊದಲೇ ಬಿಚ್ಚಿದರೆ ಏನಾಗುತ್ತದೆ?' ಒಳ್ಳೆಯ ಅಂಕ ತೆಗೆದವರೂ ಸುಮ್ಮನಿದ್ದರು. ಇದು ಪಠ್ಯದ ಹೊರಗಿನ ಪ್ರಶ್ನೆಯೇನಲ್ಲ. ಸ್ಪ್ರಿಂಗ್ ಪಾಠ ಓದಿದ ಯಾರಾದರೂ ಒಮ್ಮೆ ಸ್ಟ್ರಟ್ಟನ್ನು ಕಣ್ಣಾರೆ ಕಂಡಿದ್ದರೆ ಹೇಳಬಹುದಾದ ಉತ್ತರ. ನನಗೆ ಉತ್ತರ ಗೊತ್ತಿದ್ದದ್ದು ಕಾಲೇಜಿನಿಂದಲ್ಲ, ಮನೆಯ ಹಳೆಯ ಕಾರಿನಿಂದ ಮತ್ತು ನಮ್ಮ ಬಡಾವಣೆಯ ಗ್ಯಾರೇಜ್ ಮೇಸ್ತ್ರಿಯಿಂದ.

ಸ್ಪ್ರಿಂಗ್ ಹೊರುತ್ತದೆ, ಶಾಕಪ್ ಹಿಡಿಯುತ್ತದೆ

ಅಷ್ಟಕ್ಕೂ ಈ ಸಸ್ಪೆನ್ಷನ್ ಮಾಡುವ ಕೆಲಸವೇನು? ಕಾರಿನ ಭಾರ ಹೊರುವುದು ಸ್ಪ್ರಿಂಗ್. ಗುಂಡಿಗೆ ಇಳಿದಾಗ ಕುಗ್ಗಿ, ಮತ್ತೆ ಹಿಗ್ಗುವುದೂ ಅದೇ. ಆದರೆ ಸ್ಪ್ರಿಂಗ್ ಒಂದೇ ಇದ್ದರೆ ಕಾರು ಉಯ್ಯಾಲೆಯಂತೆ ತೂಗುತ್ತಲೇ ಇರುತ್ತದೆ. ಆ ತೂಗಾಟವನ್ನು ಹಿಡಿದು ನಿಲ್ಲಿಸುವುದು ಶಾಕಪ್. ಅದರೊಳಗಿನ ಪಿಸ್ಟನ್ ಎಣ್ಣೆಯ ನಡುವೆ ಚಲಿಸುವಾಗ ಎಣ್ಣೆ ಸಣ್ಣ ಸಣ್ಣ ಕಿಂಡಿಗಳಲ್ಲಿ ನುಸುಳಬೇಕು. ಈ ತಡೆಯಿಂದ ಚಲನೆಯ ಶಕ್ತಿ ಶಾಖವಾಗಿ ಹೊರಹೋಗುತ್ತದೆ. ಹಾಗಾಗಿಯೇ ಒಂದಷ್ಟು ದೂರ ಕೆಟ್ಟ ರಸ್ತೆಯಲ್ಲಿ ಓಡಿಸಿ ಮುಟ್ಟಿದರೆ ಶಾಕಪ್ ಬೆಚ್ಚಗಿರುತ್ತದೆ.

ಶಾಕಪ್ ಸೋತರೆ ಸೊಂಟನೋವು ಬರುತ್ತದೆ ಎಂದಷ್ಟೇ ನಮ್ಮ ತಿಳಿವಳಿಕೆ. ನಿಜವಾದ ಅಪಾಯ ಬೇರೆಯೇ ಇದೆ. ಚಕ್ರ ರಸ್ತೆಯನ್ನು ಬಿಟ್ಟು ಪುಟಿಯುವಾಗ ಟೈರಿಗೆ ಹಿಡಿತವಿರುವುದಿಲ್ಲ. ಹಿಡಿತವಿಲ್ಲದಾಗ ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಕಾರು ನಿಲ್ಲಲು ಹೆಚ್ಚು ದೂರ ಬೇಕು. ಮಳೆಯಲ್ಲಿ, ತಿರುವಿನಲ್ಲಿ ಇದು ಜೀವದ ಪ್ರಶ್ನೆ. ಬ್ರೇಕ್ ಪ್ಯಾಡ್ ಸವೆದರೆ ಗಾಬರಿಯಾಗುವ ನಾವು ಶಾಕಪ್ ಎಣ್ಣೆ ಕಾರಿದರೆ 'ಇನ್ನೊಂದು ವರ್ಷ ಓಡುತ್ತೆ ಬಿಡು' ಎನ್ನುತ್ತೇವೆ.

ಇಂದು ಹೆಚ್ಚಿನ ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ವ್ಯವಸ್ಥೆ ಇದು. ಸ್ಪ್ರಿಂಗ್ ಮತ್ತು ಶಾಕಪ್ ಎರಡನ್ನೂ ಒಂದೇ ಕಂಬದಲ್ಲಿ ಜೋಡಿಸಿದ್ದು ಅದರ ಜಾಣತನ. ಜಾಗ ಕಡಿಮೆ, ಬಿಡಿಭಾಗ ಕಡಿಮೆ, ಖರ್ಚೂ ಕಡಿಮೆ. ಮಾರುತಿ 800 ನಮ್ಮ ರಸ್ತೆಗಿಳಿದಾಗಲೂ ಮುಂದೆ ಇದ್ದದ್ದು ಇದೇ. ಹಿಂಭಾಗದಲ್ಲಿ ಮಾತ್ರ ಹಲವು ಸಣ್ಣ ಕಾರುಗಳಲ್ಲಿ ಸ್ಪ್ರಿಂಗ್ ಬೇರೆ, ಶಾಕಪ್ ಬೇರೆ ಇರುತ್ತದೆ. ಮನೆಯಲ್ಲಿ ಕೆಲಸ ಮಾಡುವವರಿಗೆ ಈ ಒಂದು ವ್ಯತ್ಯಾಸವೇ ಮುಖ್ಯ. ಅದಕ್ಕೆ ಮುಂದೆ ಬರುತ್ತೇನೆ.

ಗೊತ್ತಿದ್ದರೆ ಪ್ರಶ್ನೆ ಕೇಳಬಹುದು

ಮೊದಲ ಲಾಭ, ನಮ್ಮನ್ನು ಯಾರೂ ಸುಲಭವಾಗಿ ಹೆದರಿಸಲು ಆಗುವುದಿಲ್ಲ. ನಮ್ಮ ಮನೆಯ ಕಾರು ಗುಂಡಿಗಳಲ್ಲಿ 'ಕಟ ಕಟ' ಎನ್ನುತ್ತಿತ್ತು. ಸರ್ವಿಸ್ ಸೆಂಟರ್ ಒಂದರಲ್ಲಿ ನಾಲ್ಕೂ ಶಾಕಪ್, ಎರಡು ಲೋವರ್ ಆರ್ಮ್ ಬದಲಿಸಬೇಕೆಂದು ಉದ್ದದ ಪಟ್ಟಿ ಕೊಟ್ಟರು. ಅಪ್ಪ ಸಹಿ ಹಾಕಲು ಸಿದ್ಧರಾಗಿದ್ದರು. 'ಶಾಕಪ್‌ನಿಂದ ಎಣ್ಣೆ ಸೋರಿದೆಯಾ, ತೋರಿಸಿ' ಎಂದು ಕೇಳಿದೆ. ಯಾರೂ ಕಾರು ಎತ್ತಿ ನೋಡಿಯೇ ಇರಲಿಲ್ಲ. ಎತ್ತಿ ನೋಡಿದಾಗ ಮುಂದಿನ ಎರಡೂ ಒಣಗಿ ಸ್ವಚ್ಛವಾಗಿದ್ದವು. ಸದ್ದು ಬರುತ್ತಿದ್ದದ್ದು ಸ್ಟೆಬಿಲೈಸರ್ ಲಿಂಕ್ ಎಂಬ ಗೇಣುದ್ದದ ಸರಳಿನಿಂದ. ಅದರ ತುದಿಯ ಕೀಲು ಸವೆದಿತ್ತು. ಹಿಂದಿನ ಎರಡು ಶಾಕಪ್ ಮಾತ್ರ ನಿಜಕ್ಕೂ ಮುಗಿದಿದ್ದವು. ಅವನ್ನು ಬದಲಿಸಿದ್ದು ನಾನೇ, ಮನೆಯ ಮುಂದೆ.

ಇದರಿಂದ ಎಲ್ಲ ಸರ್ವಿಸ್ ಸೆಂಟರ್‌ಗಳೂ ಮೋಸ ಮಾಡುತ್ತವೆ ಎಂದು ನಾನು ಹೇಳುತ್ತಿಲ್ಲ. ಎದುರಿಗಿರುವವರಿಗೆ ಏನೂ ಗೊತ್ತಿಲ್ಲ ಎಂದಾದಾಗ ಪಟ್ಟಿ ಉದ್ದವಾಗುವುದು ಎಲ್ಲ ವ್ಯವಹಾರಗಳಲ್ಲೂ ಇರುವುದೇ. ಕಾರಿನ ಒಂದೊಂದು ಮೂಲೆಯನ್ನು ಜೋರಾಗಿ ಒತ್ತಿ ಬಿಟ್ಟು ನೋಡಿ. ಎರಡು ಮೂರು ಸಲ ತೂಗಿದರೆ ಶಾಕಪ್ ಸೋತಿದೆ ಎಂದು ಅನುಮಾನಿಸಬಹುದು. ಇದು ಒರಟು ಪರೀಕ್ಷೆ, ಇದೊಂದನ್ನೇ ನಂಬಬಾರದು. ಮೈಮೇಲೆ ಎಣ್ಣೆ ಹರಿದ ಗುರುತು, ಟೈರಿನಲ್ಲಿ ಅಲ್ಲಲ್ಲಿ ಬಟ್ಟಲಿನಂತೆ ಸವೆತ, ಬ್ರೇಕ್ ಒತ್ತಿದಾಗ ಮೂತಿ ಅತಿಯಾಗಿ ಬಾಗುವುದು, ಇವು ಉಳಿದ ಸಾಕ್ಷಿಗಳು. ಸದ್ದು ಮಾತ್ರ ಇದ್ದು ಈ ಯಾವುದೂ ಇಲ್ಲದಿದ್ದರೆ ಮೊದಲು ಲಿಂಕ್, ಬುಶ್‌ಗಳನ್ನು ನೋಡಬೇಕು.

ಬಿಡಿಭಾಗ ಕೊಳ್ಳುವಾಗಲೂ ಇದೇ ಮಾತು. ಕಾರಿನ ಕಂಪನಿಯ ಮುದ್ರೆ ಇರುವ ಡಬ್ಬಿಯಲ್ಲೇ ಕೊಳ್ಳಬೇಕೆಂದಿಲ್ಲ. ಕಾರು ತಯಾರಕರಿಗೆ ಶಾಕಪ್ ಪೂರೈಸುವ ಗೇಬ್ರಿಯಲ್‌ನಂಥ ಕಂಪನಿಗಳೇ ತಮ್ಮ ಹೆಸರಿನಲ್ಲೂ ಅಂಗಡಿಗೆ ಕೊಡುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳ ಬಿಡಿಭಾಗದ ಅಂಗಡಿಗಳವರೆಗೆ ಅವು ಸಿಗುತ್ತವೆ. ಆದರೆ ಅದೇ ಹೆಸರಿನ ನಕಲಿ ಮಾಲೂ ಇರುತ್ತದೆ. ಬಿಲ್ ಕೊಡದ ಅಂಗಡಿ, ನಂಬಲಾಗದಷ್ಟು ಕಡಿಮೆ ಬೆಲೆ, ಭಾಗದ ಸಂಖ್ಯೆ ಇಲ್ಲದ ಡಬ್ಬಿ ಇವನ್ನು ಕಂಡರೆ ಹಿಂದೆ ಸರಿಯಿರಿ. ಕಾರಿನ ಮಾದರಿ, ತಯಾರಾದ ವರ್ಷ, ಪೆಟ್ರೋಲೋ ಡೀಸೆಲ್ಲೋ ಎಂಬುದನ್ನು ಹೇಳಿ, ಹಳೆಯ ಭಾಗದ ಸಂಖ್ಯೆಗೆ ಹೋಲಿಸಿ ಕೊಳ್ಳಬೇಕು. ಶಾಕಪ್ ಯಾವಾಗಲೂ ಜೋಡಿಯಲ್ಲೇ ಬದಲಾಗಬೇಕು. ಎಡಕ್ಕೆ ಹೊಸದು, ಬಲಕ್ಕೆ ಹಳೆಯದು ಎಂದರೆ ಜೋರು ಬ್ರೇಕಿನಲ್ಲಿ ಕಾರು ಎರಡೂ ಕಡೆ ಒಂದೇ ರೀತಿ ವರ್ತಿಸುವುದಿಲ್ಲ.

ಅಂಗಳದಲ್ಲಿ ಎಲ್ಲಿಯವರೆಗೆ?

ಹಿಂದಿನ ಶಾಕಪ್ ಸ್ಪ್ರಿಂಗ್‌ನಿಂದ ಬೇರೆಯಾಗಿರುವ ಕಾರಾದರೆ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಸಮತಟ್ಟಾದ ಗಟ್ಟಿ ನೆಲ ಬೇಕು. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಲ್ಲು ಕೊಡಬೇಕು. ಕಾರು ಎತ್ತುವ ಮೊದಲೇ ಚಕ್ರದ ನಟ್ಟುಗಳನ್ನು ತುಸು ಸಡಿಲಿಸಿಕೊಳ್ಳಬೇಕು. ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲೇ ಜಾಕ್ ಇಡಬೇಕು. ಎತ್ತಿದ ಮೇಲೆ ಜಾಕ್ ಸ್ಟ್ಯಾಂಡ್ ಕೊಡದೆ ಕೈಯನ್ನೂ ಒಳಗೆ ಹಾಕಬಾರದು. ಡಿಕ್ಕಿಯಲ್ಲಿ ಬರುವ ಜಾಕ್ ಸ್ಟೆಪ್ನಿ ಬದಲಿಸಲಿಕ್ಕೆ ಮಾತ್ರ. ಅದರ ಭರವಸೆಯ ಮೇಲೆ ಕಾರಿನಡಿ ಮಲಗುವುದು ಧೈರ್ಯದ ಲಕ್ಷಣವಲ್ಲ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಪೇರಿಸುವುದೂ ಅಷ್ಟೇ ಅಪಾಯ. ಭಾರ ಬಿದ್ದಾಗ ಅವು ಮುನ್ಸೂಚನೆ ಇಲ್ಲದೆ ಒಡೆಯುತ್ತವೆ.

ಆಮೇಲೆ ಕೆಲಸ ಸರಳ. ಹಿಂದಿನ ಅಚ್ಚಿನ ಕೆಳಗೆ ಇನ್ನೊಂದು ಜಾಕ್‌ನಿಂದ ತುಸು ಆಸರೆ ಕೊಟ್ಟರೆ, ಶಾಕಪ್ ಬಿಚ್ಚಿದಾಗ ಅಚ್ಚು ಕೆಳಗೆ ಜೋತು ಸ್ಪ್ರಿಂಗ್ ಜಾರುವುದಿಲ್ಲ, ಬ್ರೇಕ್ ಪೈಪು ಎಳೆದುಕೊಳ್ಳುವುದಿಲ್ಲ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರಬೇಕು. ಮೇಲೊಂದು, ಕೆಳಗೊಂದು ನಟ್ಟು ಬಿಚ್ಚಿದರೆ ಹಳೆಯದು ಕೈಗೆ ಬರುತ್ತದೆ. ಹೊಸ ಶಾಕಪ್ಪನ್ನು ನೇರವಾಗಿ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆದರೆ ಮಲಗಿಸಿಟ್ಟಾಗ ಒಳಗೆ ಸೇರಿದ ಗಾಳಿ ಜಾಗ ಬಿಡುತ್ತದೆ. ರಬ್ಬರ್ ಬುಶ್ ಇರುವ ಬೋಲ್ಟುಗಳ ಕೊನೆಯ ಬಿಗಿತ ಮಾತ್ರ ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ. ಗಾಳಿಯಲ್ಲಿ ಜೋತಿರುವಾಗಲೇ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಎಷ್ಟು ಬಿಗಿಯಬೇಕು ಎಂಬುದು ಅಂದಾಜಿನ ವಿಷಯವಲ್ಲ. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಅಂಕಿ ಇರುತ್ತದೆ, ಅದಕ್ಕೆ ಟಾರ್ಕ್ ರೆಂಚ್ ಬೇಕು. ಕೊಳ್ಳಲಾಗದಿದ್ದರೆ ಗ್ಯಾರೇಜಿನಿಂದ ಒಂದು ದಿನಕ್ಕೆ ಕೇಳಿ ತನ್ನಿ.

ಮುಂದಿನ ಸ್ಟ್ರಟ್ ಬೇರೆ ಮಟ್ಟದ ಕೆಲಸ. ಇಲ್ಲಿ ಸ್ಪ್ರಿಂಗ್ ಒತ್ತಿದ ಸ್ಥಿತಿಯಲ್ಲೇ ಕಂಬಕ್ಕೆ ಸಿಕ್ಕಿಸಿರುತ್ತದೆ. ಅದನ್ನು ಹಿಡಿದಿಟ್ಟಿರುವುದು ಮೇಲಿನ ಆ ನಡು ನಟ್ಟು. ಇಡೀ ಸ್ಟ್ರಟ್ ಹೊರತೆಗೆಯಲು ಬಾನೆಟ್ ಒಳಗಿನ ಸುತ್ತಲ ನಟ್ಟುಗಳನ್ನು, ಕೆಳಗೆ ನಕಲ್‌ಗೆ ಹಿಡಿದಿರುವ ಎರಡು ದಪ್ಪ ಬೋಲ್ಟುಗಳನ್ನು, ಬ್ರೇಕ್ ಪೈಪು ಮತ್ತು ಎಬಿಎಸ್ ತಂತಿಯ ಕ್ಲಿಪ್ಪುಗಳನ್ನು ಬಿಚ್ಚಿದರೆ ಸಾಕು. ನಡು ನಟ್ಟನ್ನು ಮುಟ್ಟುವಂತಿಲ್ಲ. ನಮ್ಮ ಮೇಸ್ತ್ರಿ ಮೊದಲ ದಿನವೇ ಹೇಳಿದ್ದರು: 'ಮಗಳೇ, ಉಳಿದದ್ದೆಲ್ಲ ತಪ್ಪಿದ್ರೆ ಮತ್ತೆ ಹಾಕಬಹುದು. ಆ ನಟ್ಟು ತಪ್ಪಿದ್ರೆ ಕೈ ಮತ್ತೆ ಹಾಕೋಕೆ ಬರಲ್ಲ.'

ಅವರ ಮಾತಿಗೆ ಪಿಯುಸಿ ಲೆಕ್ಕ ಸಾಕ್ಷಿ. ಸ್ಪ್ರಿಂಗ್‌ನ ಗಡಸುತನ ಒಂದು ಮಿಲಿಮೀಟರಿಗೆ 20 ನ್ಯೂಟನ್ ಎಂದುಕೊಳ್ಳಿ. ಅದನ್ನು 15 ಸೆಂಟಿಮೀಟರ್ ಒತ್ತಿ ಹಿಡಿದರೆ ಬಲ 3,000 ನ್ಯೂಟನ್, ಅಂದರೆ ಸುಮಾರು 300 ಕಿಲೊ ಭಾರ. ಅದರೊಳಗೆ ಕೂತ ಶಕ್ತಿ 225 ಜೌಲ್. 10 ಕಿಲೊ ಕಲ್ಲೊಂದು ಎರಡು ಮೀಟರಿಗೂ ಹೆಚ್ಚು ಎತ್ತರದಿಂದ ಬಿದ್ದರೆ ಎಷ್ಟು ಪೆಟ್ಟೋ ಅಷ್ಟು. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದ ಸೂತ್ರ ಇಲ್ಲಿ ಮುಖದ ಎದುರಿಗೆ ಒಂದು ಅಡಿ ದೂರದಲ್ಲಿರುತ್ತದೆ.

ಸ್ಪ್ರಿಂಗ್ ಒತ್ತಲು ಕಂಪ್ರೆಸರ್ ಎಂಬ ಉಪಕರಣವಿದೆ. ಎರಡು ಸರಳುಗಳನ್ನು ಎದುರುಬದುರು ಸಿಕ್ಕಿಸಿ, ಒಂದೊಂದಕ್ಕೂ ಕೆಲವೇ ಸುತ್ತಿನಂತೆ ಸಮನಾಗಿ ಬಿಗಿಯಬೇಕು. ಬಳಸಿ ಅಭ್ಯಾಸವಿಲ್ಲದವರಿಗೆ ನನ್ನ ಸಲಹೆ ಸ್ಪಷ್ಟ: ಸ್ಟ್ರಟ್ಟನ್ನು ಇಡಿಯಾಗಿ ನೀವೇ ಹೊರತೆಗೆಯಿರಿ, ಸ್ಪ್ರಿಂಗ್ ಬದಲಿಸುವ ಭಾಗಕ್ಕೆ ಅದನ್ನು ಹೊತ್ತುಕೊಂಡು ಗ್ಯಾರೇಜಿಗೆ ಹೋಗಿ, ಅವರ ಬೆಂಚಿನ ಮೇಲೆ ಅವರು ಮಾಡುವುದನ್ನು ನಿಂತು ನೋಡಿ, ಮರಳಿ ತಂದು ಕೂರಿಸಿ. ಇದರಲ್ಲಿ ಅವಮಾನವೇನಿಲ್ಲ. ಕೂರಿಸಿದ ಮೇಲೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಅದು ಅಂಗಳದಲ್ಲಿ ಆಗುವ ಕೆಲಸವಲ್ಲ. ನೂರಾರು ಕಿಲೊಮೀಟರ್ ಓಡುವ ಮೊದಲೇ ಎಲ್ಲ ಬೋಲ್ಟುಗಳ ಬಿಗಿತವನ್ನು ಇನ್ನೊಮ್ಮೆ ನೋಡಬೇಕು.

ತಗ್ಗಿಸುವ ಚಟ

ಸಸ್ಪೆನ್ಷನ್ ಎಂದ ಕೂಡಲೇ ನಮ್ಮ ವಯಸ್ಸಿನವರ ಮನಸ್ಸಿಗೆ ಬರುವುದು ರಿಪೇರಿಯಲ್ಲ, ಸ್ಟೈಲ್. ಕಾರು ನೆಲಕ್ಕೆ ಮುತ್ತಿಡುವಂತೆ ತಗ್ಗಿರಬೇಕು, ಇಲ್ಲವೇ ಜೀಪಿನಂತೆ ಎತ್ತರಕ್ಕೆ ನಿಂತಿರಬೇಕು. ಇದಕ್ಕೆಂದೇ ತಯಾರಿಸಿದ ಸ್ಪ್ರಿಂಗ್‌ಗಳು, ಕಾಯಿಲ್‌ಓವರ್‌ಗಳು ಇವೆ, ಬೆಲೆಯೂ ಹಾಗೇ ಇದೆ. ಅಷ್ಟು ದುಡ್ಡಿಲ್ಲದವರು ಹಿಡಿಯುವ ಅಡ್ಡದಾರಿ ಸ್ಪ್ರಿಂಗ್ ಕತ್ತರಿಸುವುದು.

ಇಲ್ಲಿ ಮತ್ತೆ ಪಠ್ಯಪುಸ್ತಕವೇ ಉತ್ತರ ಹೇಳುತ್ತದೆ. ಸ್ಪ್ರಿಂಗ್‌ನ ಸುತ್ತುಗಳು ಕಡಿಮೆಯಾದಷ್ಟೂ ಅದು ಗಡುಸಾಗುತ್ತದೆ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದನ್ನು ಕತ್ತರಿಸಿದರೆ ಗಡಸುತನ ಐದನೇ ಒಂದರಷ್ಟು ಹೆಚ್ಚುತ್ತದೆ. ಆದರೆ ಶಾಕಪ್ ಹಳೆಯ ಗಡಸುತನಕ್ಕೆ ಹೊಂದಿಸಿದ್ದು. ಸ್ಪ್ರಿಂಗ್‌ನ ಉದ್ದವೂ ಕಡಿಮೆಯಾಗಿರುವುದರಿಂದ ಚಕ್ರ ಗುಂಡಿಗೆ ಇಳಿದಾಗ ಅದು ತನ್ನ ಕೂರುವ ಜಾಗದಿಂದ ಸಡಿಲಾಗಿ ಪಕ್ಕಕ್ಕೆ ಸರಿಯಬಹುದು. ಗ್ಯಾಸ್ ಕಟರ್‌ನಿಂದ ಕಾಯಿಸಿ ಕತ್ತರಿಸಿದರಂತೂ ಉಕ್ಕಿಗೆ ಕೊಟ್ಟಿದ್ದ ಹದವೇ ಹೋಗುತ್ತದೆ. ಕಾರನ್ನು ಎತ್ತರಿಸಲು ಸ್ಪ್ರಿಂಗ್ ಸುತ್ತುಗಳ ನಡುವೆ ರಬ್ಬರ್ ತುರುಕುವುದೂ ಒಂದು ರೂಢಿ. ಅದು ಆ ಸುತ್ತನ್ನು ಕೆಲಸ ಮಾಡದಂತೆ ತಡೆದು, ಉಳಿದ ಸುತ್ತುಗಳ ಮೇಲೆ ಹೊರೆ ಹಾಕುತ್ತದೆ.

ನಮ್ಮ ರಸ್ತೆಗಳನ್ನೂ ನೆನಪಿಡಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಸಾವಕಾಶ ದಿಬ್ಬ. ನಮ್ಮೂರಿನಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ ಹಂಪುಗಳು ಯಾವ ಪುಸ್ತಕವನ್ನೂ ಓದಿದವಲ್ಲ. ಇಂಥ ರಸ್ತೆಗೆ ಕಾರು ತಗ್ಗಿಸುವುದು ಎಂದರೆ ಎಂಜಿನ್ನಿನ ಆಯಿಲ್ ಚೇಂಬರನ್ನು ಹಂಪಿನ ಕೈಗೆ ಕೊಟ್ಟಂತೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಅಡಿ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ವಿಧಿಸಬಹುದು. ಸವೆದ ಶಾಕಪ್ ಜಾಗಕ್ಕೆ ಅದೇ ಅಳತೆಯ, ಅದೇ ಕಾರಿಗೆಂದು ಮಾಡಿದ ಹೊಸದನ್ನು ಹಾಕುವುದು ರಿಪೇರಿ. ಕಾರಿನ ಎತ್ತರವನ್ನೇ ಬದಲಿಸುವುದು ಮಾರ್ಪಾಡು. ಅಪಘಾತವಾದರೆ ವಿಮಾ ಕಂಪನಿ ಮೊದಲು ಹುಡುಕುವುದೂ ಇಂಥ ಮಾರ್ಪಾಡನ್ನೇ. ನಾನು ಗೆರೆ ಎಂದದ್ದು ಇದಕ್ಕೇ. ಕೆಲಸ ಕಲಿತವರು ಸ್ಪ್ರಿಂಗ್ ಕತ್ತರಿಸುವುದಿಲ್ಲ. ಯಾಕೆ ಕತ್ತರಿಸಬಾರದು ಎಂಬುದು ಅವರಿಗೆ ಗೊತ್ತಿರುತ್ತದೆ.

'ಮೆಕ್ಯಾನಿಕ್ ಹೊಟ್ಟೆ ಮೇಲೆ ಹೊಡೀಬೇಡಿ'

ನನ್ನ ವಾದಕ್ಕೆ ಮನೆಯಲ್ಲೇ ಬಂದ ಮೊದಲ ಆಕ್ಷೇಪ ಇದು. 'ಎಲ್ಲರೂ ತಾವೇ ಮಾಡಿಕೊಂಡರೆ ಪಾಪ ಗ್ಯಾರೇಜಿನವರು ಬದುಕೋದು ಹೇಗೆ?' ಎಂದರು ಅಮ್ಮ. ಪ್ರಶ್ನೆ ನ್ಯಾಯವಾದದ್ದು. ಆದರೆ ಮನೆಯಲ್ಲಿ ಒಂದು ಸಲ ಅಡುಗೆ ಮಾಡಿದವರು ಹೋಟೆಲಿಗೆ ಹೋಗುವುದನ್ನು ಬಿಡುತ್ತಾರೆಯೇ? ಬಿಸಿಲಲ್ಲಿ ಮೂರು ಗಂಟೆ ಒದ್ದಾಡಿ ಎರಡು ಶಾಕಪ್ ಕೂರಿಸಿದವರಿಗೆ ಮೇಸ್ತ್ರಿಯ ಮುಕ್ಕಾಲು ಗಂಟೆಯ ಕೆಲಸದ ಬೆಲೆ ಗೊತ್ತಾಗುತ್ತದೆ. ಆಮೇಲೆ ಕೂಲಿಯ ವಿಷಯದಲ್ಲಿ ಚೌಕಾಸಿ ಮಾಡಲು ಮನಸ್ಸು ಬರುವುದಿಲ್ಲ. ಇಂದು ನಾವು ದೊಡ್ಡ ಶೋರೂಮಿನಲ್ಲಿ ಹೇಳಿದಷ್ಟು ಕೊಟ್ಟು, ಬೀದಿಯ ಗ್ಯಾರೇಜಿನಲ್ಲಿ ನೂರು ರೂಪಾಯಿಗೆ ಜಗಳ ಆಡುತ್ತೇವೆ. ಇದಕ್ಕೆ ಕಾರಣ ಕೆಲಸ ಗೊತ್ತಿಲ್ಲದಿರುವುದೇ.

ಎರಡನೆಯ ಆಕ್ಷೇಪ ಮರ್ಯಾದೆಯದು. 'ಇಷ್ಟು ಓದಿಸಿದ್ದು ಕಾರಿನ ಕೆಳಗೆ ಮಲಗೋಕಾ?' ಎಂದು ಕೇಳುವ ಸಂಬಂಧಿಕರು ಎಲ್ಲರ ಮನೆಯಲ್ಲೂ ಇದ್ದಾರೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಪ್ರಾಥಮಿಕ ಶಾಲೆಯಲ್ಲೇ ಬಾಯಿಪಾಠ ಮಾಡಿಸಿದ ಸಮಾಜವೇ ಕೆಸರಾದ ಕೈಯನ್ನು ಕಂಡರೆ ದೂರ ಸರಿಯುತ್ತದೆ. ಐಟಿಐ ಎಂದರೆ ಅಂಕ ಬಾರದವರ ಜಾಗ, ಎಂಜಿನಿಯರಿಂಗ್ ಎಂದರೆ ಎಸಿ ಕೋಣೆ ಎಂದು ನಾವು ಹಂಚಿಕೊಂಡುಬಿಟ್ಟಿದ್ದೇವೆ. ಫಲಿತಾಂಶ ಕಣ್ಣೆದುರಿಗಿದೆ. ಸಮೀಕರಣ ಬಿಡಿಸುವವರಿಗೆ ನಟ್ಟಿನ ಅಳತೆ ಗೊತ್ತಿಲ್ಲ. ಕೇಳಿದ ಸದ್ದಿನಿಂದಲೇ ದೋಷ ಹೇಳುವ ಗ್ಯಾರೇಜಿನ ಹುಡುಗನ ಹತ್ತಿರ ಅದನ್ನು ಸಾಬೀತು ಮಾಡಲು ಒಂದು ಕಾಗದವಿಲ್ಲ. ಇಬ್ಬರೂ ಕೆಲಸಕ್ಕಾಗಿ ಅಲೆಯುತ್ತಿದ್ದಾರೆ.

ಮೂರನೆಯ ಆಕ್ಷೇಪ ಗೆಳೆಯರದು: 'ಎಲೆಕ್ಟ್ರಿಕ್ ಕಾರು ಬರ್ತಿದೆ, ಇನ್ನು ಇದೆಲ್ಲ ಯಾರಿಗೆ ಬೇಕು?' ಎಲೆಕ್ಟ್ರಿಕ್ ಕಾರಿನಲ್ಲಿ ಕಾರ್ಬ್ಯುರೇಟರ್ ಇರುವುದಿಲ್ಲ, ಸೈಲೆನ್ಸರ್ ಇರುವುದಿಲ್ಲ, ಕ್ಲಚ್ಚೂ ಇರುವುದಿಲ್ಲ. ಆದರೆ ಚಕ್ರ ಇರುತ್ತದೆ, ಗುಂಡಿ ಇರುತ್ತದೆ, ಹಾಗಾಗಿ ಸಸ್ಪೆನ್ಷನ್ ಇದ್ದೇ ಇರುತ್ತದೆ. ಬ್ಯಾಟರಿಯ ಭಾರದಿಂದಾಗಿ ಅದರ ಹೊಣೆ ಇನ್ನೂ ಹೆಚ್ಚು. ಎಂಜಿನ್ ಕೆಲಸ ಕಲಿತವರು ನಾಳೆಯ ಬಗ್ಗೆ ಚಿಂತಿಸಬೇಕಾಗಬಹುದು. ಸಸ್ಪೆನ್ಷನ್, ಬ್ರೇಕ್, ಸ್ಟೀರಿಂಗ್ ಕಲಿತವರಿಗೆ ಆ ಚಿಂತೆ ಕಡಿಮೆ.

ಕಾಲೇಜು ಏನು ಮಾಡಬಹುದು?

ದಾರಿಗಳು ಇಲ್ಲದಿಲ್ಲ. ವಿದ್ಯಾರ್ಥಿಗಳೇ ವಾಹನ ವಿನ್ಯಾಸ ಮಾಡಿ, ಕಟ್ಟಿ, ಓಡಿಸುವ ಬಾಹಾ ಎಸ್‌ಎಇ ಸ್ಪರ್ಧೆ ಭಾರತದಲ್ಲಿ 2007ರಿಂದ ನಡೆಯುತ್ತಿದೆ. ಅದರಲ್ಲಿ ಭಾಗವಹಿಸಿದವರನ್ನು ಕೇಳಿ ನೋಡಿ, ಸಸ್ಪೆನ್ಷನ್ ಬಗ್ಗೆ ಅವರು ಕಲಿತದ್ದು ನಾಲ್ಕು ವರ್ಷದ ತರಗತಿಗಿಂತ ಹೆಚ್ಚು. ಆದರೆ ಅದು ಖರ್ಚಿನ ಬಾಬತ್ತು, ಕಾಲೇಜಿಗೊಂದು ತಂಡಕ್ಕಷ್ಟೇ ಸಿಗುವ ಅವಕಾಶ. ಉಳಿದವರಿಗೆ?

ಪ್ರತಿ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜಿನಲ್ಲಿ ಗುಜರಿಗೆ ಹೋಗಬೇಕಿದ್ದ ಒಂದು ಹಳೆಯ ಕಾರು ಇರಲಿ. ಹುಡುಗ, ಹುಡುಗಿ ಎಂಬ ಭೇದವಿಲ್ಲದೆ ಪ್ರತಿಯೊಬ್ಬರೂ ಅದರ ಶಾಕಪ್ ಬಿಚ್ಚಿ, ಸರಿಯಾದ ಬಿಗಿತಕ್ಕೆ ಮತ್ತೆ ಕೂರಿಸಿದ ಮೇಲೆಯೇ ರೆಕಾರ್ಡಿಗೆ ಸಹಿ ಬೀಳಲಿ. ಕಲಿಸಲು ಊರಿನ ಒಬ್ಬ ಅನುಭವಿ ಮೇಸ್ತ್ರಿಯನ್ನು ಗೌರವಧನ ಕೊಟ್ಟು ಕರೆಸಲಿ. ಅತಿಥಿ ಉಪನ್ಯಾಸ ಎಂದರೆ ಪ್ರೊಜೆಕ್ಟರ್ ಮುಂದೆ ನಿಲ್ಲುವುದೊಂದೇ ಅಲ್ಲ. ಹಾಗೆಯೇ, ಓದದೆ ಕೆಲಸ ಕಲಿತವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಸರ್ಕಾರದ ಕೌಶಲ ಯೋಜನೆಗಳಲ್ಲಿದೆ. ನಿಮ್ಮ ಬೀದಿಯ ಗ್ಯಾರೇಜಿನ ಹುಡುಗನಿಗೆ ಅದರ ಅರ್ಜಿ ತುಂಬಿಕೊಡುವ ಕೆಲಸವನ್ನಾದರೂ ನಾವು ಮಾಡಬಹುದು. ಅವನು ನಮಗೆ ಸ್ಪ್ಯಾನರ್ ಹಿಡಿಯುವುದು ಹೇಳಿಕೊಡಲಿ.

ನಿರುದ್ಯೋಗದ ಬಗ್ಗೆ ಮಾತಾಡುವಾಗ ನಾವು ಸರ್ಕಾರವನ್ನು, ಕಂಪನಿಗಳನ್ನು ಬೈಯುತ್ತೇವೆ. ಬೈಯಲು ಕಾರಣಗಳಿವೆ. ಆದರೆ ಕೆಲಸ ಸಿಗುವವರೆಗೆ ಕೈಗಳು ಖಾಲಿ ಇರಬೇಕೆಂದು ಯಾವ ನಿಯಮವೂ ಇಲ್ಲ. ಬರುವ ಭಾನುವಾರ ಮನೆಯ ಕಾರಿನ ಚಕ್ರದ ಹಿಂದೆ ಟಾರ್ಚು ಬಿಟ್ಟು ನೋಡಿ. ಕಾರಿಲ್ಲದಿದ್ದರೆ ಅಪ್ಪನ ಸ್ಕೂಟರ್ ಸಾಕು, ಅದಕ್ಕೂ ಶಾಕಪ್ ಇದೆ. ಎಣ್ಣೆ ಜಿನುಗಿದೆಯೇ, ರಬ್ಬರ್ ಸೀಳಿದೆಯೇ, ಭಾಗದ ಸಂಖ್ಯೆ ಏನು ಎಂದು ಬರೆದುಕೊಳ್ಳಿ. ಹತ್ತಿರದ ಮೇಸ್ತ್ರಿಯ ಬಳಿ ಹೋಗಿ 'ಅಣ್ಣ, ಇದು ಹೀಗ್ಯಾಕಿದೆ?' ಎಂದು ಕೇಳಿ. ಟಾರ್ಚನ್ನು ತಂಗಿಯ ಕೈಗೆ ಕೊಡುತ್ತಿದ್ದರೆ, ದಯವಿಟ್ಟು ಸ್ಪ್ಯಾನರನ್ನೂ ಕೊಡಿ.